ನಡೆದರಷ್ಟೇ ಸಾಲದು, ಭಾರವನ್ನೂ ಎತ್ತಬೇಕು



ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ಏಳಲು ಹೋದೆ. ಏಳಲಾಗಲಿಲ್ಲ. ನೋವಿರಲಿಲ್ಲ, ತಲೆ ತಿರುಗಿರಲಿಲ್ಲ, ಕಾಲಿಗೆ ಜೋಮು ಹಿಡಿದಿರಲಿಲ್ಲ. ತೊಡೆಯಲ್ಲಿ ಬಲವೇ ಇರಲಿಲ್ಲ. ಗೋಡೆಗೆ ಕೈ ಊರಿ, ಮಂಡಿ ಊರಿ, ಹೇಗೋ ಎದ್ದು ನಿಂತೆ. ಅಡುಗೆ ಮನೆಯಿಂದ ನಮ್ಮ ಮನೆಯವರು "ಯಾಕ್ರೀ, ಏನಾತು?" ಅಂದರು. "ಏನಿಲ್ಲ, ಜೋಮು ಹಿಡದಿತ್ತು" ಎಂದು ಸುಳ್ಳು ಹೇಳಿದೆ. ಆಗತಾನೆ ಪೂಜೆ ಮುಗಿಸಿದ ಬಾಯಿಂದ ಸುಳ್ಳು ಹೊರಟಿತಲ್ಲ ಎಂಬ ಸಂಕಟಕ್ಕಿಂತ ದೊಡ್ಡದಾಗಿ ಕಾಡಿದ್ದು ಇನ್ನೊಂದು ಪ್ರಶ್ನೆ: ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೆಯುವ ನನಗೆ ನೆಲದಿಂದ ಏಳಲು ಯಾಕೆ ಆಗಲಿಲ್ಲ?

ನನಗೆ ಸಕ್ಕರೆ ಕಾಯಿಲೆ ಬಂದು 11 ವರ್ಷವಾಯಿತು. ವೈದ್ಯರು "ನಡೀರಿ" ಎಂದ ದಿನದಿಂದ ನಡೆಯುತ್ತಲೇ ಇದ್ದೇನೆ. ಕೊಣ್ಣೂರಿನಿಂದ ಫಾಲ್ಸ್ ಕಡೆಯ ರಸ್ತೆಯಲ್ಲಿ ಮಳೆ ಬರಲಿ, ಚಳಿ ಇರಲಿ, ನನ್ನ ನಡಿಗೆ ತಪ್ಪಿದ್ದು ಕಡಿಮೆ. ಆದರೂ ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 8.1 ಬಂದಿತ್ತು. ಗುಳಿಗೆ ಎರಡರಿಂದ ಮೂರಾಗಿದ್ದವು. ತೂಕ ಮಾತ್ರ ಇಳಿದಿತ್ತು. "ಸಾಹೇಬ್ರು ಭಾಳ ಚಲೋ ತೆಳ್ಳಗ ಆಗ್ಯಾರ" ಎಂದು ಜನ ಹೊಗಳುತ್ತಿದ್ದರು, ನಾನೂ ಹಿಗ್ಗುತ್ತಿದ್ದೆ.

ಶ್ರಾವಣ ಮುಗಿದ ಮೇಲೆ ಹೊಸ ವೈದ್ಯರೊಬ್ಬರಿಗೆ ತೋರಿಸಿದೆ. ಅವರು ರಿಪೋರ್ಟು ಬದಿಗಿಟ್ಟು ಒಂದು ಕುರ್ಚಿ ಎಳೆದರು. ಕೈಗಳನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣ ಎಂದರು. 65ರಿಂದ 69ರ ವಯಸ್ಸಿನ ಗಂಡಸರು 12 ಸಲವಾದರೂ ಏಳಬೇಕು, ಹೆಂಗಸರು 11. ನಾನು ಎಂಟಕ್ಕೆ ನಿಂತೆ. ಅವರು ನಕ್ಕು ಹೇಳಿದ ಮಾತು ಇದು: "ಸಾಹೇಬ್ರ, ನೀವು ನಡೀತೀರಿ, ಅದು ಚಲೋನ. ಆದ್ರ ನಿಮ್ಮ ಮೈಯಾಗ ಸಕ್ಕರಿ ತುಂಬಿ ಇಡಾಕ ಜಾಗಾನ ಉಳದಿಲ್ಲಲ್ಲ!"

ಹೂಳು ತುಂಬಿದ ಜಲಾಶಯ

ನೀರಾವರಿ ಕೆಲಸದಲ್ಲಿ ಮೂರು ದಶಕ ಕಳೆದವನಿಗೆ ಈ ಮಾತು ತಟ್ಟನೆ ಅರ್ಥವಾಯಿತು. ನಮ್ಮ ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ಒಮ್ಮೆಲೇ ಬರುವ ನೀರನ್ನು ತಡೆದು, ಬೇಕಾದಾಗ ಕಾಲುವೆಗೆ ಬಿಡುವುದಕ್ಕಾಗಿಯೇ ಜಲಾಶಯ. ಅದರಲ್ಲಿ ಹೂಳು ತುಂಬಿ ಜಾಗ ಕಡಿಮೆಯಾದರೆ, ಬರುವ ನೀರು ಅಷ್ಟೇ ಇದ್ದರೂ ಕೆಳಗಿನ ಊರಿಗೆ ಪ್ರವಾಹ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಬಂದಾಗ ಹಿಡಿದಿಡಲಾಗದ ನೀರು ಏನು ಮಾಡುತ್ತದೆ ಎಂಬುದನ್ನು ಗೋಕಾಕ, ಕೊಣ್ಣೂರಿನವರಿಗೆ ಹೇಳಬೇಕಾಗಿಲ್ಲ.

ನಮ್ಮ ಮೈಯಲ್ಲಿ ಸಕ್ಕರೆಯ ಜಲಾಶಯವೆಂದರೆ ಸ್ನಾಯುಗಳು, ಅಂದರೆ ತೊಡೆ, ಪೃಷ್ಠ, ಬೆನ್ನು, ಎದೆ, ತೋಳುಗಳ ಮಾಂಸಖಂಡ. ಉಂಡ ರೊಟ್ಟಿ, ಅನ್ನ ರಕ್ತದಲ್ಲಿ ಸಕ್ಕರೆಯಾಗಿ ಹರಿಯುವಾಗ ಇನ್ಸುಲಿನ್ ಗೇಟು ತೆರೆಸುತ್ತದೆ. ಹಾಗೆ ಇನ್ಸುಲಿನ್ ದೂಡುವ ಸಕ್ಕರೆಯಲ್ಲಿ ಬಹುಪಾಲು ಹೋಗಿ ಸೇರುವುದು ಸ್ನಾಯುಗಳಿಗೆ. ಮೂವತ್ತು ದಾಟಿದ ಮೇಲೆ, ದುಡಿಸದಿದ್ದರೆ, ಪ್ರತಿ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಸ್ನಾಯು ಕರಗುತ್ತದೆ. ಅರವತ್ತರ ನಂತರ ಇನ್ನೂ ಜೋರು. ಜಾಗ ಕಡಿಮೆ, ಗೇಟಿಗೆ ತುಕ್ಕು, ಮೇಲಿಂದ ನೀರು ಮಾತ್ರ ಮೊದಲಿನಷ್ಟೇ. ಆಮೇಲೆ ಕಣ್ಣು, ಮೂತ್ರಪಿಂಡ, ನರ, ಕಾಲಿನ ಬೆರಳುಗಳಿಗೆ ನಿತ್ಯ ಪ್ರವಾಹ.

ಭಾರ ಎತ್ತುವ ವ್ಯಾಯಾಮ ಎರಡು ಕೆಲಸ ಮಾಡುತ್ತದೆ. ಒಂದು, ಜಲಾಶಯದ ಹೂಳೆತ್ತಿ ಜಾಗ ಹೆಚ್ಚಿಸುತ್ತದೆ. ಇನ್ನೊಂದು ನನಗೆ ಬಹಳ ಅಚ್ಚರಿ ತಂದದ್ದು. ಸ್ನಾಯುಕೋಶದೊಳಗೆ ಗ್ಲೂಟ್-4 ಎಂಬ, ಸಕ್ಕರೆಯನ್ನು ಒಳಗೆ ಒಯ್ಯುವ ಪ್ರೋಟೀನ್ ಇದೆ. ಸಾಮಾನ್ಯವಾಗಿ ಇನ್ಸುಲಿನ್ ಕರೆದಾಗ ಅದು ಕೋಶದ ಅಂಚಿಗೆ ಬರುತ್ತದೆ. ಆದರೆ ಸ್ನಾಯು ಬಿಗಿದು ದುಡಿಯುವಾಗ ಇನ್ಸುಲಿನ್ ಕರೆಯದಿದ್ದರೂ ಬರುತ್ತದೆ. ಅಂದರೆ ಮುಖ್ಯ ಗೇಟಿನ ಮೋಟಾರು ಕೆಟ್ಟಿದ್ದರೂ ಕೈಯಿಂದ ತಿರುಗಿಸಿ ತೆರೆಯುವ ಚಕ್ರವೊಂದು ಉಂಟು. ದುಡಿದ ಸ್ನಾಯು ಮುಂದೆ ಒಂದೆರಡು ದಿನ ಇನ್ಸುಲಿನ್ ಮಾತನ್ನೂ ಚೆನ್ನಾಗಿ ಕೇಳುತ್ತದೆ. ದಿನಬಿಟ್ಟು ದಿನ ಮಾಡಬೇಕು ಎನ್ನುವುದು ಇದಕ್ಕಾಗಿ.

ಲೆಕ್ಕ ಏನು ಹೇಳುತ್ತದೆ

ಎಂಜಿನಿಯರನಿಗೆ ಅಳತೆ ಬೇಕು. 2007ರಲ್ಲಿ ಕೆನಡಾದಲ್ಲಿ 251 ಮಧುಮೇಹಿಗಳನ್ನು ನಾಲ್ಕು ಗುಂಪು ಮಾಡಿ ನೋಡಿದ ಅಧ್ಯಯನ ಪ್ರಕಟವಾಯಿತು. ನಡಿಗೆ-ಸೈಕಲ್ಲಿನಂಥ ವ್ಯಾಯಾಮ ಮಾಡಿದವರಿಗೂ, ಭಾರ ಎತ್ತಿದವರಿಗೂ ಎಚ್‌ಬಿಎ1ಸಿ ಇಳಿಯಿತು. ಎರಡನ್ನೂ ಮಾಡಿದವರಿಗೆ ಅದಕ್ಕಿಂತ ಹೆಚ್ಚು ಇಳಿಯಿತು. ಆ ಗುಂಪಿನವರು ಹೆಚ್ಚು ಹೊತ್ತು ವ್ಯಾಯಾಮ ಮಾಡಿದ್ದರು, ಅದಕ್ಕೇ ಇಳಿದಿರಬೇಕು ಎಂದು ಯಾರಾದರೂ ಕೇಳಬಹುದು. 2010ರಲ್ಲಿ ಅಮೆರಿಕದಲ್ಲಿ 262 ಜನರ ಮೇಲೆ ಒಂಬತ್ತು ತಿಂಗಳು ನಡೆದ ಅಧ್ಯಯನ ಆ ಪ್ರಶ್ನೆಗೂ ಉತ್ತರ ಕೊಟ್ಟಿತು. ಎಲ್ಲರ ಹೊತ್ತನ್ನೂ ಹೆಚ್ಚುಕಡಿಮೆ ಒಂದೇ ಇಟ್ಟು ನೋಡಿದಾಗಲೂ ಎರಡನ್ನೂ ಬೆರೆಸಿ ಮಾಡಿದವರಿಗೇ ಖಚಿತವಾದ ಲಾಭ ಸಿಕ್ಕಿತು. ನಮ್ಮ ದೇಶದವರ ಮೈಗೆ ಇದು ಹೊಂದುತ್ತದೆಯೇ? ದೆಹಲಿಯ ವೈದ್ಯರು 2008ರಲ್ಲಿ 30 ಭಾರತೀಯ ಮಧುಮೇಹಿಗಳಿಂದ ಮೂರು ತಿಂಗಳು ಭಾರ ಎತ್ತಿಸಿ ನೋಡಿದ್ದಾರೆ. ಅವರಲ್ಲೂ ಇನ್ಸುಲಿನ್‌ಗೆ ಮೈ ಸ್ಪಂದಿಸುವುದು ಸುಧಾರಿಸಿತು, ಸಕ್ಕರೆ ಇಳಿಯಿತು.

ನಿಜ ಹೇಳಬೇಕೆಂದರೆ ನಮ್ಮವರಿಗೇ ಇದು ಹೆಚ್ಚು ಬೇಕು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಇಂಗ್ಲೆಂಡಿನ ಗೆಳೆಯ ಡಾ. ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೋ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರ ಮೈಯಲ್ಲಿ 21.2! ಕಣ್ಣಿಗೆ ತೆಳ್ಳಗೆ, ಒಳಗೆ ಕೊಬ್ಬು, ಸ್ನಾಯು ಕಡಿಮೆ. ನನ್ನನ್ನು ತೆಳ್ಳಗಾಗಿದ್ದೀರಿ ಎಂದು ಹೊಗಳಿದವರು ನನ್ನ ಸ್ನಾಯು ಕರಗಿದ್ದನ್ನು ಹೊಗಳುತ್ತಿದ್ದರು. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಇನ್ನೂ 13 ಕೋಟಿ 60 ಲಕ್ಷ ಜನ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ. ಎಚ್‌ಬಿಎ1ಸಿ 5.7ರಿಂದ 6.4 ಇದ್ದವರು ಹೊಸ್ತಿಲಲ್ಲಿದ್ದಾರೆ, 6.5 ದಾಟಿದರೆ ಮನೆಯೊಳಗೆ ಬಂದಂತೆ. ಹೊಸ್ತಿಲಲ್ಲಿ ನಿಂತವರಿಗೆ ಹಿಂದಿರುಗುವ ದಾರಿ ಇನ್ನೂ ತೆರೆದಿದೆ.

ಭಾರ ಇಳಿಸಿದವರು ನಾವೇ

ನಮ್ಮ ಊರು ಭಾರ ಎತ್ತುವುದನ್ನು ಮರೆತದ್ದು ಯಾವಾಗ? ನಾನು ಹುಡುಗನಿದ್ದಾಗ ಫಾಲ್ಸಿನ ಗಿರಣಿಯಲ್ಲಿ ಹತ್ತಿಯ ಅಂಡಿಗೆ ಹೊರುವವರ ಹೆಗಲು ನೋಡಿದ್ದೇನೆ. ಹಗೇವಿನಿಂದ ಜೋಳ ಮೇಲೆತ್ತಿ ಚೀಲ ಬೆನ್ನಿಗೇರಿಸಿಕೊಂಡು ಅಟ್ಟಕ್ಕೆ ಇಡುತ್ತಿದ್ದ ದೊಡ್ಡಪ್ಪನನ್ನು ನೋಡಿದ್ದೇನೆ. ನಮ್ಮವ್ವ ನಸುಕಿನಲ್ಲಿ ಬೀಸುಕಲ್ಲು ತಿರುವುವಳು, ಆಮೇಲೆ ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ತರುವಳು. ಜಾತ್ರೆ ಬಂದರೆ ಸಂಗ್ರಾಣಿ ಕಲ್ಲು, ಗುಂಡುಕಲ್ಲು ಎತ್ತುವ ಪಂದ್ಯ, ನಿಕಾಲಿ ಕುಸ್ತಿ. ನಮ್ಮ ಹೆಸರಾದ ಗೋಕಾಕದ ಕರದಂಟನ್ನು ಆಗ ಗರಡಿಯಾಳಿಗೆ, ಬಾಣಂತಿಗೆ ಎಂದು ಎತ್ತಿಡುತ್ತಿದ್ದರು. ಈಗ ಗರಡಿಯ ಬಾಗಿಲಿಗೆ ಬೀಗ, ಕರದಂಟಿನ ಡಬ್ಬಿ ಮಾತ್ರ ಟಿವಿಯ ಮುಂದೆ.

ಭಾರ ಇಳಿಸಿದವರಲ್ಲಿ ನಾನೂ ಒಬ್ಬ. ಕಾಲುವೆ ಹರಿಯಿತು, ಜೋಳದ ಹೊಲ ಕಬ್ಬಿನ ಗದ್ದೆಯಾಯಿತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಬಾವಿಯ ಹಗ್ಗ ಹೋಗಿ ಪಂಪು ಬಂತು, ಈಗ ಮಂಚದ ಮೇಲೆ ಮಲಗಿ ಮೊಬೈಲಿನಿಂದ ಮೋಟಾರು ಶುರು ಮಾಡುತ್ತೇವೆ. ಇದಕ್ಕೆ ನಾನು ವಿಷಾದಪಡುವುದಿಲ್ಲ. ನಮ್ಮವ್ವನ ಬೀಸುಕಲ್ಲು ಮತ್ತೆ ಯಾವ ಹೆಣ್ಣುಮಗಳ ಪಾಲಿಗೂ ಬರುವುದು ಬೇಡ. ಆದರೆ ಕೈಯಿಂದ ಭಾರ ಕಿತ್ತುಕೊಂಡ ನಾವು, ಕೈಗೆ ಬೇಕಾದ ಕೆಲಸ ಏನು ಎಂದು ಯೋಚಿಸಲಿಲ್ಲ. ಹಳೆ ಶ್ರಮ ಹೋಯಿತು, ಹಳೆ ಊಟ ಉಳಿಯಿತು, ಅದರ ಮೇಲೆ ಸಕ್ಕರೆ ಹಾಕಿದ ಚಹಾ ದಿನಕ್ಕೆ ನಾಲ್ಕು ಸಲ.

ಶರಣರು ದೇವರನ್ನು ಅಂಗೈಗೆ ತಂದು ಕೊಟ್ಟವರು. ಆ ಅಂಗೈ ದುಡಿಯುವ ಅಂಗೈಯಾಗಿತ್ತು. ಮೋಳಿಗೆ ಮಾರಯ್ಯನವರು ಕಟ್ಟಿಗೆ ಹೊತ್ತರು, ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಆಯ್ದಕ್ಕಿ ಲಕ್ಕಮ್ಮ-ಮಾರಯ್ಯನವರು ಬಾಗಿ ಬಾಗಿ ಅಕ್ಕಿ ಆಯ್ದರು. ಕಾಯಕದ ಬಗ್ಗೆ ವೇದಿಕೆಯಲ್ಲಿ ಒಂದು ತಾಸು ಮಾತಾಡಿ, ಕುರ್ಚಿಯಿಂದ ಏಳಲು ಇಬ್ಬರ ಕೈ ಹಿಡಿಯುವ ಸ್ಥಿತಿ ನಮ್ಮದಾಗಿದೆ. ಇದನ್ನು ಯಾರನ್ನೋ ಅಣಕಿಸಲು ಬರೆದಿಲ್ಲ. ಆ ಕುರ್ಚಿಯಲ್ಲಿ ಕುಳಿತವನು ನಾನೇ.

ಕೇಳಿಬರುವ ಮಾತುಗಳು

ಈ ವಿಷಯ ತೆಗೆದಾಗಲೆಲ್ಲ ಮೂರು ಆಕ್ಷೇಪಣೆ ಬರುತ್ತವೆ.

ಮೊದಲನೆಯದು, "ಇದು ಹುಡುಗೂರ ಕೆಲಸ, ಈ ವಯಸ್ಸಿನ್ಯಾಗ ಯಾಕ್ರೀ?" ಹುಡುಗರಿಗೆ ಸ್ನಾಯು ಇದೆ, ಕಳೆದುಕೊಳ್ಳುತ್ತಿರುವವರು ನಾವು. ಎಂಬತ್ತರ ಮೈಯೂ ಭಾರಕ್ಕೆ ಸ್ಪಂದಿಸುತ್ತದೆ. ತೋಳು ಉಬ್ಬಿಸುವ ಹುಚ್ಚು ಇದಲ್ಲ, ಸ್ನಾನದ ಮನೆಯಲ್ಲಿ ಜಾರಿದರೆ ಸಾವರಿಸಿಕೊಳ್ಳುವ ಬಲಕ್ಕಾಗಿ.

ಎರಡನೆಯದು, "ದಿನಾ ವಾಕಿಂಗ್ ಮಾಡ್ತೀವಲ್ಲ." ಬಿಡಬೇಡಿ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಬೇಕೇ ಬೇಕು, ಹೃದಯಕ್ಕೆ ಅದರಷ್ಟು ಒಳ್ಳೆಯದು ಇನ್ನಿಲ್ಲ. ಅದರ ಜೊತೆಗೆ ವಾರಕ್ಕೆ ಎರಡು-ಮೂರು ದಿನ ಭಾರವೂ ಇರಲಿ ಎಂಬುದು ಮಧುಮೇಹ ತಜ್ಞರ ಸಲಹೆ. ನಮ್ಮಲ್ಲಿ ಅರ್ಧ ಸಲಹೆ ಮಾತ್ರ ಮನೆಮನೆಗೆ ಮುಟ್ಟಿದೆ.

ಮೂರನೆಯದಕ್ಕೆ ತೂಕ ಜಾಸ್ತಿ: "ಹೊಲದಾಗ ದುಡಿಯೋರಿಗೂ ಸಕ್ಕರಿ ಬ್ಯಾನಿ ಬಂದೈತಲ್ಲ?" ಬಂದಿದೆ. ಕಬ್ಬು ಕಡಿಯುವ ಗ್ಯಾಂಗಿನವರಿಗೆ, ಹಮಾಲಿ ಮಾಡುವವರಿಗೆ ಇನ್ನಷ್ಟು ಭಾರ ಎತ್ತಿ ಎನ್ನುವುದು ಅವಿವೇಕ. ಅವರ ಮೈ ಸಾಕಷ್ಟು ಹೊತ್ತಿದೆ. ಅವರಿಗೆ ಬೇಕಾದದ್ದು ತಪಾಸಣೆ, ಹೊತ್ತಿಗೆ ಸರಿಯಾಗಿ ಪೌಷ್ಟಿಕ ಊಟ, ವಿಶ್ರಾಂತಿ, ತಪ್ಪದ ಔಷಧಿ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತವಾಗಿದೆ. ಅವರನ್ನು ಅಲ್ಲಿಗೆ ಕರೆದೊಯ್ಯುವುದು ನಮ್ಮ ಹೊಣೆ. ನನ್ನ ಮಾತು ಕುರ್ಚಿಯ ಮೇಲೆ, ಗಲ್ಲೆಯ ಮೇಲೆ, ಗಾಡಿಯ ಮೇಲೆ ದಿನ ಕಳೆಯುವ ನಮ್ಮಂಥವರಿಗೆ.

ಮಾಡುವುದು ಹೇಗೆ

ನಾನು ಮಾಡುವುದನ್ನು ಹೇಳುತ್ತೇನೆ. ಜಿಮ್ ಬೇಡ. ಒಂದು ಗಟ್ಟಿ ಕುರ್ಚಿ, ಒಂದು ಗೋಡೆ, ಅಡುಗೆ ಎಣ್ಣೆಯ ಖಾಲಿ ಐದು ಲೀಟರಿನ ಎರಡು ಕ್ಯಾನು ಸಾಕು. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ಕ್ಯಾನಿನ ಮೇಲೆ ಅರ್ಧ ಲೀಟರಿಗೊಂದು ಗೆರೆ ಎಳೆದಿದ್ದೇನೆ. ಕಾಲುವೆಯ ಅಳತೆಪಟ್ಟಿ ಓದಿದವನಿಗೆ ಇದು ರೂಢಿ.

ಒಂದು, ಕೈ ಊರದೆ ಕುರ್ಚಿಯಿಂದ ಎದ್ದು ನಿಧಾನ ಕೂರುವುದು. ಎರಡು, ಗೋಡೆಗೆ ಕೈ ಇಟ್ಟು ದಂಡ ಹೊಡೆಯುವುದು. ಮೂರು, ಬಾಗಿ ಒಂದು ಕೈ ಕುರ್ಚಿಗೆ ಕೊಟ್ಟು, ಇನ್ನೊಂದು ಕೈಯಿಂದ ಕ್ಯಾನನ್ನು ಬಾವಿಯಿಂದ ಹಗ್ಗ ಸೇದಿದಂತೆ ಪಕ್ಕೆಗೆ ಎಳೆಯುವುದು. ನಾಲ್ಕು, ಕ್ಯಾನನ್ನು ಭುಜದಿಂದ ಮೇಲಕ್ಕೆ ಎತ್ತುವುದು. ಐದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಆರು, ಅಂಗಾತ ಮಲಗಿ ಮಂಡಿ ಮಡಚಿ ಟೊಂಕ ಮೇಲೆತ್ತುವುದು. ಏಳು, ಎರಡೂ ಕೈಯಲ್ಲಿ ಕ್ಯಾನು ಹಿಡಿದು ಅಂಗಳದಲ್ಲಿ ನೆಟ್ಟಗೆ ನಡೆಯುವುದು. ಒಂದೊಂದನ್ನೂ 10ರಿಂದ 15 ಸಲ. ಮೊದಲ ತಿಂಗಳು ಒಂದೇ ಸುತ್ತು, ಆಮೇಲೆ ಎರಡು, ಮೂರು. ಕೊನೆಯ ಎರಡು-ಮೂರು ಸಲ ಕಷ್ಟವೆನಿಸಬೇಕು, ಆದರೆ ನೋವಾಗಬಾರದು. 15 ಸಲ ಸುಲಭವಾದರೆ ಕ್ಯಾನಿಗೆ ಅರ್ಧ ಲೀಟರ್ ಏರಿಸಿ. ಈ ಏರಿಸುವುದರಲ್ಲೇ ಗುಟ್ಟು ಇದೆ. ವರ್ಷವಿಡೀ ಒಂದೇ ಭಾರ ಎತ್ತಿದರೆ ಮೈ ಅಲ್ಲಿಗೇ ನಿಲ್ಲುತ್ತದೆ. ಎತ್ತುವಾಗ ಉಸಿರು ಹೊರಗೆ ಬಿಡಿ, ಉಸಿರು ಬಿಗಿ ಹಿಡಿದರೆ ಬಿಪಿ ಏರುತ್ತದೆ.

ಎಚ್ಚರಿಕೆಗಳನ್ನು ಮರೆಯಬೇಡಿ. ಶುರು ಮಾಡುವ ಮೊದಲು ವೈದ್ಯರನ್ನು ಕೇಳಿ. ಎದೆನೋವು ಇದ್ದವರು, ಬಿಪಿ ಹತೋಟಿಯಲ್ಲಿಲ್ಲದವರು, ಸಕ್ಕರೆಯಿಂದ ಕಣ್ಣಿನ ಪರದೆಗೆ ರಕ್ತಸ್ರಾವದ ಅಪಾಯ ಇದ್ದವರು, ಪಾದದಲ್ಲಿ ಗಾಯ ಇದ್ದವರು ಕೇಳದೆ ಭಾರ ಮುಟ್ಟಲೇಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯಬಹುದು. 70ಕ್ಕಿಂತ ಕೆಳಗೆ ಹೋದರೆ ಅಪಾಯ. ಮೈ ನಡುಗಿ ಬೆವರು ಬಂದರೆ ನಿಲ್ಲಿಸಿ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ, ಕಿಸೆಯಲ್ಲಿ ಅದು ಇರಲೇಬೇಕು. ವ್ಯಾಯಾಮ ಶುರುವಾಯಿತೆಂದು ಗುಳಿಗೆಯನ್ನು ತಾವಾಗಿ ಬಿಡಬೇಡಿ.

ಸ್ನಾಯು ಕಟ್ಟಲು ಇಟ್ಟಿಗೆ ಬೇಕಲ್ಲ, ಅದು ಪ್ರೋಟೀನ್. ಶಾಕಾಹಾರಿಗಳಾದ ನಮ್ಮ ತಾಟಿನಲ್ಲಿ ಅದೇ ಕಡಿಮೆ. ರೊಟ್ಟಿ ಒಂದು ಕಡಿಮೆಯಾಗಲಿ, ಹೆಸರುಕಾಳು, ಮಡಕಿಕಾಳಿನ ಪಲ್ಯ, ಮೊಸರು, ಶೇಂಗಾ ಚಟ್ನಿ ಹೆಚ್ಚಾಗಲಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರು ಹೇಳಿದಷ್ಟೇ ಉಣ್ಣಬೇಕು.

ಮಠಗಳಿಗೆ ಒಂದು ಅರಿಕೆ

ಇದೆಲ್ಲವನ್ನೂ ಮನೆಯಲ್ಲೇ ಮಾಡಬಹುದು. ಆದರೆ ಒಬ್ಬನೇ ಮಾಡುವವನು ಮೂರನೆಯ ವಾರಕ್ಕೆ ಬಿಡುತ್ತಾನೆ. ನಾನೂ ಒಮ್ಮೆ ಬಿಟ್ಟಿದ್ದೆ. ಮತ್ತೆ ಹಿಡಿದದ್ದು ನಮ್ಮ ಮನೆಯವರಿಂದ. "ನನ್ನ ಮಣಕಾಲಿಗೂ ಬೇಕು, ನಾನೂ ಮಾಡ್ತೀನಿ ನಡೀರಿ" ಎಂದು ಎದುರು ಕುರ್ಚಿ ಹಾಕಿಕೊಂಡು ಕೂತರು. ಇಬ್ಬರಾದ ಮೇಲೆ ತಪ್ಪಿಲ್ಲ.

ಗರಡಿಮನೆ ಊರಿಗೆ ಬಲ ಕೊಟ್ಟಿತು, ಆದರೆ ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಓಣಿಗೊಂದು, ಜಾತಿಗೊಂದು ಗರಡಿಯನ್ನೂ ಕಂಡಿದ್ದೇವೆ. ಅನುಭವ ಮಂಟಪದ ವಾರಸುದಾರರು ನಾವು ಎನ್ನುವವರು ತೆರೆಯುವ ಅಂಗಳ ಹಾಗಿರಬಾರದು. ನಮ್ಮ ಹತ್ತಿರದ ಘಟಪ್ರಭಾದಲ್ಲಿ ಆರೋಗ್ಯಧಾಮ ಕಟ್ಟಿದ ಹಿರಿಯರಲ್ಲಿ ಡಾ. ನಾ. ಸು. ಹರ್ಡೀಕರ್ ಒಬ್ಬರು. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದವರೂ ಅವರೇ. ಮೈ ಗಟ್ಟಿ ಮಾಡಿಸುವುದೂ ಸಮಾಜಸೇವೆ ಎಂಬ ಪಾಠ ನಮ್ಮ ನೆರೆಯಲ್ಲೇ ಇದೆ.

ಪೂಜ್ಯರಲ್ಲಿ ನನ್ನ ಬೇಡಿಕೆ ಎರಡೇ. ವಾರಕ್ಕೆ ಮೂರು ದಿನ, ಸಂಜೆ 40 ನಿಮಿಷ, ಮಠದ ಅಂಗಳವನ್ನು ಹೆಣ್ಣು ಗಂಡು ಎನ್ನದೆ, ಜಾತಿ ಕೇಳದೆ ಇದಕ್ಕೆ ಬಿಟ್ಟುಕೊಡಿ. ಎಸ್ಟಿಮೇಟು ನಾನೇ ಹಾಕಿದ್ದೇನೆ: ಕುರ್ಚಿ ಮಠದಲ್ಲಿವೆ, ಖಾಲಿ ಕ್ಯಾನು ದಾಸೋಹದ ಅಡುಗೆ ಮನೆಯಲ್ಲಿವೆ, ನೀರು ನಳದಲ್ಲಿದೆ. ಖರ್ಚು ಸೊನ್ನೆ. ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದವರು ಬಂದು ಬಿಪಿ, ಶುಗರ್ ನೋಡಿ ಹೋಗಲಿ.

ಎರಡನೆಯದು ದಾಸೋಹ. ಪ್ರಸಾದ ಬೇಡ ಎನ್ನಲು ಭಕ್ತನ ಬಾಯಿ ಬರುವುದಿಲ್ಲ, ಬಡಿಸುವವರ ಕೈ ಸಣ್ಣದಾಗುವುದಿಲ್ಲ. ಹೀಗಾಗಿ ಮಧುಮೇಹಿಯ ತಾಟಿನಲ್ಲಿ ಗೋಧಿ ಹುಗ್ಗಿ ಎರಡು ಸೌಟು. ಹುಗ್ಗಿ ನಿಲ್ಲಿಸಿ ಎನ್ನುವುದಿಲ್ಲ. ಕಾಳುಪಲ್ಯ, ಕೋಸಂಬರಿ ಮೊದಲು ಬರಲಿ, ಅದರ ಸೌಟು ದೊಡ್ಡದಿರಲಿ. ಹುಗ್ಗಿ ಕೊನೆಗೆ ಬರಲಿ, ಸೌಟು ಚಮಚವಾಗಲಿ. "ಸಕ್ಕರಿ ಇದ್ದವರು ಹೇಳ್ರಿ" ಎಂದು ಬಡಿಸುವವರೇ ಕೇಳಿದರೆ ಎಷ್ಟೋ ಜನರ ಮುಜುಗರ ತಪ್ಪುತ್ತದೆ.

ನನ್ನ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಎಂಟು ತಿಂಗಳ ನಂತರ ಎಚ್‌ಬಿಎ1ಸಿ 7.2ಕ್ಕೆ ಬಂದಿದೆ. ಊಟವನ್ನೂ ಬದಲಿಸಿದ್ದರಿಂದ ಇಷ್ಟೂ ಕ್ಯಾನಿನ ಪ್ರತಾಪ ಎಂದರೆ ಸುಳ್ಳಾದೀತು. ಒಂದು ಗುಳಿಗೆಯನ್ನು ವೈದ್ಯರೇ ಕಡಿಮೆ ಮಾಡಿದ್ದಾರೆ, ಇನ್ನೆರಡು ಉಳಿದಿವೆ. ಕುರ್ಚಿಯಿಂದ ಏಳುವುದು ಎಂಟರಿಂದ 14ಕ್ಕೆ ಏರಿದೆ. ಪೂಜೆ ಮುಗಿಸಿ ಏಳುವಾಗ ಗೋಡೆ ಹಿಡಿಯುವುದಿಲ್ಲ.

ಕೊಣ್ಣೂರಿನಲ್ಲಿ ಅಂಗಳ ಸಿಕ್ಕ ದಿನ ಗೆರೆ ಎಳೆದ ನನ್ನ ಎರಡು ಕ್ಯಾನು ಹಿಡಿದುಕೊಂಡು ನಾನು ಅಲ್ಲಿರುತ್ತೇನೆ. ನಿಮ್ಮ ಊರಲ್ಲಿ ನೀವು ಇರಿ.